ಕಿರುಬೆರಳಿಗೆ ಎಟುಕದ ಕೀ

ನಮ್ಮ ಶಾಲೆಗೆ ಬ್ಯಾಂಡ್ ಸಾಮಾನು ಬಂದ ದಿನ ನಾನು ಸ್ಟಾಫ್ ರೂಮಿನಲ್ಲಿ ಕೂತು ಎಂಟನೇ ತರಗತಿಯ ಟೆಸ್ಟ್ ಪೇಪರ್ ತಿದ್ದುತ್ತಿದ್ದೆ. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆಯಲ್ಲಿರುವ ಹೈಸ್ಕೂಲು ನಮ್ಮದು. ಇಲ್ಲೇ ಓದಿ, ಈಗ ಮೈಸೂರಿನಲ್ಲಿ ವ್ಯಾಪಾರ ಮಾಡಿಕೊಂಡಿರುವ ಹಳೇ ವಿದ್ಯಾರ್ಥಿಯೊಬ್ಬರು ಅದನ್ನೆಲ್ಲ ಕೊಡಿಸಿದ್ದರು. ಒಂದು ದೊಡ್ಡ ಡ್ರಮ್ಮು, ಚಿಕ್ಕ ಡ್ರಮ್ಮುಗಳು, ಹಿತ್ತಾಳೆ ತಾಳ, ಮತ್ತೆ ಕಪ್ಪು ಪೆಟ್ಟಿಗೆಗಳಲ್ಲಿ ಐದು ಕ್ಲಾರಿನೆಟ್ಟು. ಗಣಿತದ ಮೇಷ್ಟ್ರು ಡ್ರಮ್ಮನ್ನು ಅಲ್ಲೇ ಬಡಿದು ನೋಡಿ ಖುಷಿಪಟ್ಟರು. ಕ್ಲಾರಿನೆಟ್ಟಿನ ಪೆಟ್ಟಿಗೆ ತೆಗೆದವರು ಮಾತ್ರ ಒಳಗಿದ್ದ ಕಪ್ಪು ತುಂಡುಗಳನ್ನು ನೋಡಿ ಹಾಗೇ ಮುಚ್ಚಿಟ್ಟರು.

ಅಷ್ಟರಲ್ಲಿ ಬಿಸಿಯೂಟದ ಅಕ್ಕ ಟೀ ತಂದರು. ಪೆಟ್ಟಿಗೆಯೊಳಗೆ ಇಣುಕಿದವರೇ, ‘ಅಯ್ಯೋ, ಇದು ನಮ್ಮ ಸಮಾಜದ ಮೇಷ್ಟ್ರ ಅಪ್ಪಾರು ಊದೋದಲ್ವ್ರಾ! ನಮ್ಮಕ್ಕನ ಮದ್ವೇಲಿ ಊದಿದ್ರು. ಕೆಂಪು ಕೋಟು ಆಕ್ಕಂಡು, ಏನ್ ಠೀವಿ ಅಂತೀರಾ!’ ಅಂದುಬಿಟ್ಟರು.

ಸಮಾಜದ ಮೇಷ್ಟ್ರು ಅಂದರೆ ನಾನು. ಸಮಾಜ ವಿಜ್ಞಾನ ಹೇಳಿಕೊಡುವವನು.

ಹೆಡ್ ಮೇಡಂ ಕನ್ನಡಕ ಏರಿಸಿ ನನ್ನನ್ನು ನೋಡಿದರು. ‘ಹೌದಾ ಸಾರ್? ನಿಮ್ಮ ತಂದೆಯವರು ವ್ಯವಸಾಯ ಅಂತಿದ್ರಿ?’

‘ವ್ಯವಸಾಯಾನೂ ಇದೆ ಮೇಡಂ’ ಅಂದೆ.

‘ಸರಿ ಹೋಯ್ತು. ಹಾಗಾದ್ರೆ ನಿಮಗೂ ಬರುತ್ತೆ.’

ಆಗ ‘ಬರಲ್ಲ ಮೇಡಂ’ ಅಂತ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ನನ್ನ ವಂಶದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಸಾಲಿಗ್ರಾಮದ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತು ಕೆ.ಆರ್. ನಗರಕ್ಕೆ ಹೋಗಿ ಓದಿದವನು. ಎಲ್ಲಿ ಹೋದರೂ ನನ್ನನ್ನು ಯಾರಾದರೂ ಏನಾದರೂ ಕೇಳಿದರೆ ‘ಗೊತ್ತು’ ಎಂದೇ ಬದುಕು ಕಟ್ಟಿಕೊಂಡವನು. ಅಪ್ಪ ಅಮ್ಮ ಓದಿದವರಾಗಿದ್ದರೆ ಮಕ್ಕಳು ‘ಗೊತ್ತಿಲ್ಲ’ ಎಂದರೂ ಯಾರೂ ನಗುವುದಿಲ್ಲ. ನಾವು ಅಂದರೆ, ‘ಪಾಪ, ಮನೇಲಿ ಹೇಳ್ಕೊಡೋರು ಇರ್ಲಿಲ್ವಲ್ಲ’ ಎನ್ನುತ್ತಾರೆ. ಆ ‘ಪಾಪ’ವನ್ನು ಕೇಳಬಾರದು ಎಂದೇ ನಾನು ರಾತ್ರಿ ಹಗಲು ಓದಿದ್ದು.

‘ಸ್ವಲ್ಪ ಬರುತ್ತೆ ಮೇಡಂ’ ಅಂದೆ.

‘ವಾರ್ಷಿಕೋತ್ಸವಕ್ಕೆ ಹೆಣ್ಣುಮಕ್ಕಳ ಕೈಲಿ ಒಂದು ಹಾಡು ಊದಿಸಿಬಿಡಿ ಸಾರ್. ಕೊಟ್ಟವರೂ ಬರ್ತಾರೆ, ಅವರಿಗೂ ಖುಷಿಯಾಗುತ್ತೆ.’

ಹೀಗೆ ನಾನು ಜೀವನದಲ್ಲಿ ತುಟಿಗಿಟ್ಟಿರದ ವಾದ್ಯಕ್ಕೆ ಮೇಷ್ಟ್ರಾದೆ.

ತುಟಿಗಿಟ್ಟಿರಲಿಲ್ಲ ಎಂಬುದು ನಿಜ. ಅಪ್ಪ ಇಡಲು ಬಿಟ್ಟಿರಲಿಲ್ಲ. ನಮ್ಮೂರು ಚುಂಚನಕಟ್ಟೆಯ ಹತ್ತಿರ, ನಾಲೆಯ ನೀರು ಹರಿಯುವ ಬಯಲಲ್ಲಿ. ನಮ್ಮದು ಚೂರು ಗದ್ದೆ. ಗದ್ದೆ ಕೆಲಸ ಇಲ್ಲದಾಗ, ಮದುವೆ ಕಾಲದಲ್ಲಿ, ಅಪ್ಪ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಕೆ.ಆರ್. ನಗರ, ಪಿರಿಯಾಪಟ್ಟಣ, ಕಂಪಲಾಪುರ, ಅತ್ತ ಕಾಡಿನಂಚಿನ ಹೆಗ್ಗಡದೇವನಕೋಟೆಯವರೆಗೂ ಹೋಗುತ್ತಿದ್ದ. ಅಪ್ಪ ಜಂಬದ ಮನುಷ್ಯ. ಕೋಟೆ ಕಡೆ ಒಂದು ಮದುವೆಗೆ ಹೋಗುವಾಗ ದಾರಿಗೆ ಅಡ್ಡ ನಿಂತಿದ್ದ ಆನೆ ತಾನು ಊದಿದ್ದು ಕೇಳಿ ತಲೆದೂಗಿ ಜಾಗ ಬಿಟ್ಟಿತು ಎಂದು ಇವತ್ತಿಗೂ ಹೇಳುತ್ತಾನೆ. ಅಮ್ಮ ಇದ್ದಾಗ, ‘ಕೇಳಕ್ಕಾಗ್ದೆ ಓಡೋಗಿರ್ಬೇಕು ಬುಡು’ ಎನ್ನುತ್ತಿದ್ದಳು.

ಊರಲ್ಲಿ ಊದುವುದಿದ್ದಾಗ ನಾನು ಹೋಗಿ ನೋಡುತ್ತಿದ್ದೆ. ಹೆಣ್ಣು ಒಪ್ಪಿಸುವ ಹೊತ್ತಿಗೆ ಡ್ರಮ್ಮು ತಾಳ ಎಲ್ಲ ನಿಲ್ಲಿಸಿ ಅಪ್ಪ ಒಬ್ಬನೇ ಕೆಳಗಿನ ದಪ್ಪ ದನಿಯಲ್ಲಿ ಊದುತ್ತಿದ್ದ. ಅಲ್ಲಿಯವರೆಗೂ ನಗುತ್ತಿದ್ದ ಹೆಂಗಸರು ಆ ದನಿಗೆ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಮನೆಯಲ್ಲಿ ಮಾತ್ರ ಆ ಪೆಟ್ಟಿಗೆ ಮುಟ್ಟುವಂತಿರಲಿಲ್ಲ. ಒಂದು ಸಲ ಕದ್ದು ತೆಗೆದಾಗ ಕೈಮೇಲೆ ಏಟು ಬಿತ್ತು. ‘ಈ ತೂತು ಮುಚ್ಚಕ್ಕೆ ಹುಟ್ಟಿರೋ ಕೈಯೇನ್ಲಾ ಇದು? ಪೆನ್ ಹಿಡಿ, ಪೆನ್ನು!’

ಹಿಡಿದೆ. ಹಿಡಿದು ಮೇಷ್ಟ್ರಾದೆ. ಆ ಹೊತ್ತಿಗೆ ಅಪ್ಪನ ಮುಂದಿನ ಹಲ್ಲುಗಳು ಹೋಗಿದ್ದವು. ಮೇಲಿನ ಹಲ್ಲು ಇಲ್ಲದೆ ಕ್ಲಾರಿನೆಟ್ ನಿಲ್ಲುವುದಿಲ್ಲ. ಕಟ್ಟಿಸಿದ ಹಲ್ಲು ಊದಿದರೆ ಜಾರುತ್ತಿತ್ತು. ಅಪ್ಪ ಪೆಟ್ಟಿಗೆ ಸಮೇತ ಅದನ್ನು ಸೆಟ್ಟಿನ ಇನ್ನೊಬ್ಬರಿಗೆ ಕೊಟ್ಟುಬಿಟ್ಟ. ಈಗ ತಮ್ಮನ ಸಂಸಾರದ ಜೊತೆ ಊರಲ್ಲಿದ್ದಾನೆ. ಮೊಮ್ಮಕ್ಕಳನ್ನು ಗದರಿಸುತ್ತಾ, ಆನೆಯ ಕಥೆ ಹೇಳುತ್ತಾ.

ಹುಣಸೂರಿನಿಂದ ನಮ್ಮೂರಿಗೆ ಒಂದು ಬಸ್ಸು ಬದಲಾಯಿಸಿದರೆ ಸಾಕು. ಭಾನುವಾರ ಹೋಗಿ, ‘ಅಪ್ಪ, ಬೆರಳು ಎಲ್ಲೆಲ್ಲಿ ಇಡಬೇಕು ಹೇಳ್ಕೊಡು’ ಎಂದು ಕೇಳಬಹುದಿತ್ತು. ಎಷ್ಟೋ ಭಾನುವಾರ ಹಾಗೆ ಅಂದುಕೊಂಡು ಹೋಗದೇ ಉಳಿದೆ. ‘ನಿನ್ನ ಓದ್ಸಿದ್ದು ಇದಕ್ಕಾ?’ ಎಂದುಬಿಟ್ಟರೆ? ಅದು ಒಂದು ನೆವ. ಇನ್ನೊಂದನ್ನು ಹೇಳಲು ನನಗೇ ನಾಚಿಕೆ. ಅಪ್ಪನ ಕೆಂಪು ಕೋಟಿನ ವಿಷಯ ನಾನಾಗಿ ಯಾರಿಗೂ ಹೇಳಿದವನಲ್ಲ. ಹೇಳದೆ ಇದ್ದದ್ದನ್ನು ಈಗ ಹೋಗಿ ಕಲಿಯಲು ಕೇಳುವುದು ಯಾವ ಮುಖದಿಂದ?

ಮೊಬೈಲ್ ಇತ್ತಲ್ಲ, ಅದರಲ್ಲಿ ಕಲಿಯಲು ಕೂತೆ.

ಜೋಡಿಸುವುದು ಬೇಗ ಬಂತು. ಬಾಯಿಗಿಡುವ ತುಂಡಿಗೆ ರೀಡು ಅನ್ನುವ ಜೊಂಡಿನ ತೆಳು ಪಟ್ಟಿಯನ್ನು ಎಂಜಲಲ್ಲಿ ನೆನೆಸಿ ಬಿಗಿಯಬೇಕು. ಮೇಲಿನ ಹಲ್ಲು ಊರಿ, ಕೆಳತುಟಿಯನ್ನು ಹಲ್ಲಿನ ಮೇಲೆ ಮಡಿಸಿ ಊದಬೇಕು. ಮೊದಲ ದಿನ ಬರೀ ಗಾಳಿ ಬಂತು. ಎರಡನೇ ದಿನ ಬಂದ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ‘ಊದ್ತಾ ಇದೀರೋ, ಯಾರಾದ್ರೂ ಹಂದಿ ಹಿಡೀತಾ ಇದಾರೋ?’ ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು. ಮರುದಿನದಿಂದ ಶಾಲೆ ಬಿಟ್ಟಮೇಲೆ ಬಿಸಿಯೂಟದ ಅಕ್ಕಿ ಮೂಟೆಗಳ ಕೋಣೆಯಲ್ಲಿ ಕೂತು ಊದತೊಡಗಿದೆ. ಮೂಟೆಗಳು ಸದ್ದನ್ನು ಕುಡಿಯುತ್ತವೆ. ಆ ಕೋಣೆಯಲ್ಲಿ ನನಗಿಂತ ಹೆಚ್ಚು ನಾಚಿಕೊಂಡವರು ಇರಲಿಲ್ಲ, ಇಲಿಗಳು ಕೂಡ ಆರಾಮಾಗಿದ್ದವು.

ಬೆರಳಿನ ವಿಷಯ ಹೀಗೆ. ಕೊಳವೆಯ ಹಿಂದೆ ಹೆಬ್ಬೆರಳಿಗೆ ಒಂದು ತೂತು. ಮುಂದೆ ಮೇಲಿನ ಕೈಗೆ ಮೂರು, ಕೆಳಗಿನ ಕೈಗೆ ಮೂರು. ಒಂದೊಂದೇ ಮುಚ್ಚುತ್ತಾ ಹೋದರೆ ದನಿ ಕೆಳಗಿಳಿಯುತ್ತದೆ. ಬೆರಳ ತುದಿಯಿಂದ ಮುಚ್ಚಬಾರದು, ಮೆತ್ತನೆಯ ಭಾಗದಿಂದ ಮುಚ್ಚಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಕೀಚ್ ಎನ್ನುತ್ತದೆ. ಎಲ್ಲಕ್ಕಿಂತ ಕೆಳಗಿನ ದಪ್ಪ ದನಿಗಳಿಗೆ ತೂತು ಸಾಲದು, ಕಿರುಬೆರಳಿನಿಂದ ಒತ್ತುವ ಕೀಗಳಿವೆ.

ಮೇಲೆ ಯಾವ ಕೈ, ಕೆಳಗೆ ಯಾವ ಕೈ?

ಪೆಟ್ಟಿಗೆಯಲ್ಲಿದ್ದ ಜೆರಾಕ್ಸ್ ಹಾಳೆಯಲ್ಲಿ ಬರೀ ಕಪ್ಪು ಬಿಳಿ ಚುಕ್ಕೆಗಳಿದ್ದವು, ಯಾವ ಕೈ ಎಂದಿರಲಿಲ್ಲ. ನಾನು ನೋಡುತ್ತಿದ್ದ ವಿಡಿಯೋದಲ್ಲಿ ಮಾತಿರಲಿಲ್ಲ. ಎದುರಿಗೆ ಕೂತ ಮನುಷ್ಯನ ಕೈ, ಕೊಳವೆ ಅಷ್ಟೆ. ಆತನ ಎಡಗೈ ಮೇಲಿದ್ದಂತೆ ಕಾಣುತ್ತಿತ್ತು. ನಾನು ಓದಿದವನಲ್ಲವೇ, ಯೋಚಿಸಿದೆ. ನಮ್ಮಲ್ಲಿ ಪಿ.ಟಿ. ಮೇಷ್ಟ್ರ ಹುದ್ದೆ ಖಾಲಿ, ಡ್ರಿಲ್ ಮಾಡಿಸುವವನು ನಾನೇ. ಮಕ್ಕಳ ಎದುರಿಗೆ ನಿಂತು ‘ಬಲಗೈ ಮೇಲೆ’ ಎನ್ನುವಾಗ ನಾನು ಎತ್ತುವುದು ನನ್ನ ಎಡಗೈಯನ್ನು. ಆಗ ಮಕ್ಕಳು ಕನ್ನಡಿ ನೋಡಿದ ಹಾಗೆ ನೋಡಿ ಸರಿಯಾಗಿ ಬಲಗೈ ಎತ್ತುತ್ತವೆ. ಎದುರಿಗೆ ನಿಂತು ಹೇಳಿಕೊಡುವವನು ತಿರುಗಿಸಿ ತೋರಿಸಬೇಕು, ಇದು ಬಿ.ಎಡ್.ನಲ್ಲಿ ನಮಗೆ ಕಲಿಸಿದ್ದು. ವಿಡಿಯೋದವನೂ ಹೀಗೇ ತಿರುಗಿಸಿ ತೋರಿಸುತ್ತಿದ್ದಾನೆ ಎಂದು ತೀರ್ಮಾನಿಸಿದೆ. ಅದೂ ಅಲ್ಲದೆ ಮದುವೆ ಮುಂಜಿಗೆ ಊದುವ ವಾದ್ಯ. ನಮ್ಮಲ್ಲಿ ಎಡಗೈಲಿ ಅರಿಶಿನ ಕುಂಕುಮ ಕೊಟ್ಟರೆ ಬೈಯುತ್ತಾರೆ, ಇನ್ನು ಮಂಗಳವಾದ್ಯದಲ್ಲಿ ಎಡಗೈ ಮೇಲಿರುತ್ತದೆಯೇ?

ಇಷ್ಟಾದರೂ ಅನುಮಾನವಿತ್ತು. ಕಣ್ಣು ಮುಚ್ಚಿ ಅಪ್ಪನನ್ನು ನೆನೆಸಿಕೊಂಡೆ. ಚಪ್ಪರದ ಕೆಳಗೆ ಕೆಂಪು ಕೋಟು, ಉಬ್ಬಿದ ಕೆನ್ನೆ. ಮೇಲಿನ ಕೈ ನನ್ನ ಬಲಗಡೆಗೇ ಇತ್ತು. ಸ್ಪಷ್ಟವಾಗಿ ಇತ್ತು. ಅಲ್ಲಿಗೆ ಅನುಮಾನ ಪರಿಹಾರವಾಯಿತು. ಬಲಗೈ ಮೇಲೆ.

ಒಂಬತ್ತನೇ ತರಗತಿಯ ನಾಲ್ಕು ಹುಡುಗಿಯರನ್ನು ಆರಿಸಿಕೊಂಡು ಶುರು ಮಾಡಿದೆ. ನಾನು ಒಂದು ಪಾಠ ಮುಂದೆ, ಅವರು ಒಂದು ಪಾಠ ಹಿಂದೆ. ಸೋಮವಾರ ಅಕ್ಕಿ ಮೂಟೆಗಳ ನಡುವೆ ಕಲಿತದ್ದನ್ನು ಬುಧವಾರ ಅವರಿಗೆ ಹೇಳುತ್ತಿದ್ದೆ, ಹುಟ್ಟಿದಾಗಿನಿಂದ ಬಲ್ಲವನ ಹಾಗೆ. ‘ಬೆರಳು ಚಪ್ಪಟೆ ಇಡು. ಕೆನ್ನೆ ಉಬ್ಬಿಸಬೇಡ. ಭುಜ ಇಳಿಸು.’ ಹುಡುಗಿಯರು ಬೇಗ ಕಲಿತರು. ಅವರ ಕೀಚಲು ದನಿ ನನ್ನದಕ್ಕಿಂತ ಬೇಗ ನಿಂತಿತು.

ಅವರಲ್ಲಿ ಒಬ್ಬಳು ಬಾಯಿ ಸುಮ್ಮನಿಡದವಳು. ಅವರ ಮನೆಯಲ್ಲಿ ಹೊಗೆಸೊಪ್ಪಿನ ಕೆಲಸ. ಎಲೆ ಪೋಣಿಸಿ ಪೋಣಿಸಿ ಬೆರಳು ಚುರುಕಾಗಿದ್ದವು. ಅವಳೂ ಮನೆಯಲ್ಲಿ ಅಣ್ಣನ ಫೋನಿನಲ್ಲಿ ಅದೇ ವಿಡಿಯೋ ಹುಡುಕಿ ನೋಡಿದ್ದಳು.

‘ಸಾರ್, ಒಂದ್ ಡೌಟು’ ಅಂದಳು. ‘ಅವ್ರು ಮೇಲೆ ಇಟ್ಟಿರೋದು ಎಡಗೈ ಸಾರ್.’

‘ಅದು ನಿನ್ನ ಎದುರಿಗೆ ಕೂತಿದ್ದಾರಮ್ಮ. ತಿರುಗಿಸಿ ತೋರಿಸ್ತಾರೆ. ಡ್ರಿಲ್ಲಲ್ಲಿ ನಾನು ಯಾವ ಕೈ ಎತ್ತುತೀನಿ, ಹೇಳು?’

‘ಎಡಗೈ ಸಾರ್. ಆದ್ರೆ ಇದ್ರಲ್ಲಿ ಮೇಲಿನ ಕೈಗೆ ವಾಚ್ ಕಟ್ಟವ್ರೆ ಸಾರ್. ವಾಚ್ ಎಡಗೈಗೆ ತಾನೆ ಕಟ್ಟೋದು? ತಿರುಗಿಸಿ ತೋರ್ಸಕ್ಕೆ ವಾಚೂ ಬದಲಾಯಿಸ್ಕಂತಾರಾ?’

ಮಿಕ್ಕ ಮೂವರು ಕಿಸಕ್ಕೆಂದರು. ಅವಳು ಕೇಳಿದ್ದರಲ್ಲಿ ದುರಹಂಕಾರವೇನೂ ಇರಲಿಲ್ಲ, ನಿಜವಾಗಿಯೂ ಅವಳಿಗೆ ತಿಳಿಯಬೇಕಿತ್ತು. ನನಗೆ ಮಾತ್ರ ಕಿವಿ ಬಿಸಿಯಾಯಿತು. ಸ್ಟಾಫ್ ರೂಮಿನಲ್ಲಿ ಆದ ಹಾಗೆಯೇ. ‘ಗೊತ್ತಿಲ್ಲ, ನೋಡೋಣ’ ಎನ್ನುವ ಎರಡು ಮಾತು ನಾಲಗೆಗೆ ಬರಲಿಲ್ಲ.

‘ಬಿ.ಎ., ಬಿ.ಎಡ್. ಮಾಡಿರೋದು ನಾನೋ ನೀನೋ?’ ಅಂದೆ. ‘ನಮ್ಮಪ್ಪ ಜೀವಮಾನ ಪೂರ್ತಿ ಊದಿದ್ದನ್ನ ಕಣ್ಣಾರೆ ನೋಡಿದೀನಿ. ನೀನು ಮೊಬೈಲ್ ನೋಡಿ ನನಗೆ ಹೇಳ್ಕೊಡ್ತೀಯಾ?’

ಇದೇ ಸಾಲದು ಎಂಬಂತೆ ಅವಳ ಕೈ ಹಿಡಿದು, ಆಗಲೇ ಎಡಗೈ ಮೇಲಿಟ್ಟುಕೊಂಡಿದ್ದವಳ ಬೆರಳುಗಳನ್ನು ನಾನೇ ಬಿಡಿಸಿ, ಬಲಗೈ ಮೇಲೆ ಕೂರಿಸಿದೆ. ಅವಳು ‘ಸರಿ ಸಾರ್’ ಅಂದಳು. ಆಮೇಲೆ ಡೌಟು ಕೇಳಲಿಲ್ಲ. ಅಪ್ಪನ ಹೆಸರನ್ನು ಆ ಶಾಲೆಯಲ್ಲಿ ನಾನು ನನ್ನ ಬಾಯಿಂದ ಹೆಮ್ಮೆಯಾಗಿ ಹೇಳಿದ್ದು ಅದೇ ಮೊದಲು, ಅದೂ ಒಬ್ಬ ಹುಡುಗಿಯ ಬಾಯಿ ಮುಚ್ಚಿಸಲು.

ತೂತುಗಳು ಯಾವ ಕೈಯಲ್ಲಿ ಮುಚ್ಚಿದರೂ ಮುಚ್ಚುತ್ತವೆ. ತೊಡಕು ಬಂದದ್ದು ಕಿರುಬೆರಳಿಗೆ. ಕೆಳಗಿನ ಕೀಗಳು ಯಾರಿಗೂ ಎಟುಕಲಿಲ್ಲ. ಹುಡುಗಿಯರು ಮಣಿಕಟ್ಟು ತಿರುಚಿದರು, ಕೊಳವೆ ಓರೆ ಮಾಡಿದರು. ನನಗೂ ಎಟುಕಲಿಲ್ಲ. ಕೀ ಇರುವುದೇ ಆ ಕಡೆಗೆ, ಬೆರಳು ಬರುವುದು ಈ ಕಡೆಯಿಂದ. ಅಲ್ಲಿಯಾದರೂ ನನಗೆ ಬುದ್ಧಿ ಬರಬೇಕಿತ್ತು. ‘ನಿಮ್ಮ ಬೆರಳು ಇನ್ನೂ ಸಣ್ಣವು, ಬೆಳೆದ ಮೇಲೆ ಸರಿಹೋಗುತ್ತೆ’ ಎಂದೆ. ನನ್ನ ಬೆರಳು ಯಾಕೆ ಸಣ್ಣದಾಯಿತೆಂದು ಯಾರೂ ಕೇಳಲಿಲ್ಲ. ಆ ಹುಡುಗಿ ನನ್ನ ಕೈಯನ್ನು ಒಂದು ಸಲ ನೋಡಿ, ಬೇರೆ ಕಡೆ ನೋಡಿದಳು. ಕೆಳಗಿನ ದನಿ ಬೇಡದ ಒಂದು ಸರಳ ಪ್ರಾರ್ಥನೆಯನ್ನು ಹುಡುಕಿ ಅದನ್ನೇ ಅಭ್ಯಾಸ ಮಾಡಿಸಿದೆ. ಚೆನ್ನಾಗಿಯೇ ಬಂತು. ಹೆಡ್ ಮೇಡಂ ಬಾಗಿಲಲ್ಲಿ ನಿಂತು ಕೇಳಿ, ಕಣ್ಣೊರೆಸಿಕೊಂಡು, ಒಂದು ಸುದ್ದಿ ಹೇಳಿದರು.

‘ಸಾರ್, ನಿಮಗೆ ಸರ್‌ಪ್ರೈಸ್ ಕೊಡೋಣ ಅಂತಿದ್ದೆ. ತಡೆಯಕ್ಕಾಗಲ್ಲ, ಹೇಳ್ಬಿಡ್ತೀನಿ. ವಾರ್ಷಿಕೋತ್ಸವದಲ್ಲಿ ನಿಮ್ಮ ತಂದೆಯವರಿಗೆ ಸನ್ಮಾನ. ನಿಮ್ಮ ತಮ್ಮನಿಗೆ ಫೋನ್ ಮಾಡಿ ಒಪ್ಪಿಸಿಯಾಯ್ತು.’

ಖುಷಿಯಾಯಿತೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ. ಅಪ್ಪ ವೇದಿಕೆ ಮೇಲೆ, ನನ್ನ ಶಿಷ್ಯೆಯರು ಅವನ ಮುಂದೆ. ನಾನು ಕದ್ದು ಕಲಿತದ್ದು ಅವನ ಮುಂದೆಯೇ ಬಯಲಾಗುತ್ತದೆ. ಕೈ ತಪ್ಪಿದೆ ಎಂಬ ಯೋಚನೆ ಆಗಲೂ ನನಗಿರಲಿಲ್ಲ. ಅಪ್ಪನಿಗೆ ಫೋನ್ ಕೂಡ ಮಾಡಲಿಲ್ಲ.

ಅಪ್ಪ ಬಂದ. ಗರಿಗರಿ ಪಂಚೆ, ತಮ್ಮ ಕಟ್ಟಿಸಿಕೊಟ್ಟ ಹಲ್ಲು, ಹೆಗಲ ಮೇಲೆ ಟವಲ್ಲು. ಜೊತೆಗೆ, ಸೆಟ್ಟಿನಲ್ಲಿ ಡ್ರಮ್ಮು ಬಾರಿಸುತ್ತಿದ್ದ ಹಳೆಯ ಜೊತೆಗಾರನನ್ನೂ ಕರೆದುಕೊಂಡು ಬಂದಿದ್ದ. ಜೊತೆಗಾರನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಅಪ್ಪನನ್ನು ವೇದಿಕೆಗೆ ಕರೆದರು. ಕುರ್ಚಿಯ ತುದಿಯಲ್ಲಿ ಕೂತು, ಪಕ್ಕದಲ್ಲಿದ್ದ ಬ್ಯಾಂಡ್ ಕೊಡಿಸಿದವರಿಗೆ ಆನೆಯ ಕಥೆ ಶುರುಮಾಡಿದ್ದು ದೂರಕ್ಕೂ ತಿಳಿಯುತ್ತಿತ್ತು.

ಹುಡುಗಿಯರು ಬಂದು ನಿಂತು ಕ್ಲಾರಿನೆಟ್ ಎತ್ತಿದರು. ಅಪ್ಪನ ಮಾತು ನಿಂತಿತು. ನಾನು ಪರದೆಯ ಬದಿಯಲ್ಲಿ ನಿಂತು ಅವನ ಮುಖವನ್ನೇ ನೋಡುತ್ತಿದ್ದೆ. ಹಾಡು ಶುರುವಾದಾಗ ಅವನ ಬೆರಳುಗಳು ತೊಡೆಯ ಮೇಲೆ ಆಡತೊಡಗಿದವು. ಸ್ವಲ್ಪ ಹೊತ್ತಿಗೆ ಅವೂ ನಿಂತವು. ಹುಡುಗಿಯರ ಕೈಗಳನ್ನೇ ನೋಡುತ್ತಾ ಕೂತ. ನಂತರ ತಿರುಗಿ ಪರದೆಯ ಕಡೆಗೆ, ನನ್ನನ್ನು ನೋಡಿದ.

ಹಾಡು ಮುಗಿಯಿತು. ಚಪ್ಪಾಳೆ ಎದ್ದು ಇಳಿಯುವ ಹೊತ್ತಿಗೆ ಮುಂದಿನ ಸಾಲಿನಿಂದ ಆ ಜೊತೆಗಾರ, ಡ್ರಮ್ಮಿನವರ ಕಿವಿ ಮಂದ, ಗಂಟಲು ದೊಡ್ಡದು, ಎಲ್ಲರಿಗೂ ಕೇಳುವಂತೆ ಕೂಗಿದ: ‘ಏಯ್, ಇದೇನ್ಲಾ ಇದು! ಕೈಯೆಲ್ಲ ಮೇಲ್ಕೆಳಗು! ಎಡಗೈ ಮೇಲಿರ್ಬೇಕಲ್ವೇನ್ಲಾ? ಮೇಷ್ಟ್ರು ಯಾರ್ಲಾ ಇದಕ್ಕೆ?’

ಮುಂದಿನ ಸಾಲಿನಲ್ಲಿ ಕೂತಿದ್ದ ತಂದೆ ತಾಯಿಗಳು ನಕ್ಕರು. ಹುಡುಗಿಯರು ಕೊಳವೆ ಕೆಳಗಿಳಿಸಿದರು. ಆ ಹುಡುಗಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನಾನು ಪರದೆಯ ಹಿಂದಕ್ಕೆ ಒಂದು ಹೆಜ್ಜೆ ಸರಿದೆ. ಆ ನಾಲ್ವರನ್ನು ಅಷ್ಟು ಜನರ ನಗುವಿನ ಮುಂದೆ ಬಿಟ್ಟು ಸರಿದೆ.

ಶಾಲು ಹೊದಿಸಿ, ಪೇಟ ಇಟ್ಟು, ಅಪ್ಪನ ಕೈಗೆ ಮೈಕು ಕೊಟ್ಟರು. ಅಪ್ಪ ಮೈಕನ್ನು ಕ್ಲಾರಿನೆಟ್ಟಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡ.

‘ಆ ಮುಂದ್ಗಡೆ ಕೂಗಾಡ್ತಾವ್ನಲ್ಲ, ನಮ್ ಜೊತೆಗಾರ. ಅವ್ನಿಗೆ ಜೀವಮಾನದಲ್ಲಿ ತಾಳ ಒಂದು ಬುಟ್ರೆ ಇನ್ನೇನೂ ಗೊತ್ತಿಲ್ಲ. ತಾಳಾನೂ ಅಷ್ಟಕ್ಕಷ್ಟೇ.’ ಜನ ನಕ್ಕರು. ‘ಆದ್ರೆ ಅವ್ನು ಏಳಿದ್ದು ಸುಳ್ಳಲ್ಲ. ಕೈ ಮೇಲ್ಕೆಳಗಾಗದೆ. ಮಕ್ಳದ್ದು ತಪ್ಪಿಲ್ಲ ಕಣ್ರವ್ವ, ಚೆಂದಾಗಿ ಊದುದ್ರಿ. ನಿಮ್ ಮೇಷ್ಟ್ರುದೂ ತಪ್ಪಿಲ್ಲ. ಅವ್ನಿಗೆ ಏಳ್ಕೊಟ್ಟೋನು ನಾನು. ಎದುರ್ಗಡೆ ಕೂರಿಸ್ಕಂಡು ಏಳ್ಕೊಟ್ಬುಟ್ಟೆ. ಮಗ್ಗುಲಲ್ಲಿ ಕೂರಿಸ್ಕಬೇಕಾಗಿತ್ತು. ಅದು ನಂದು ತಪ್ಪು.’

ಆಮೇಲೆ ಆನೆಯ ಕಥೆ ಹೇಳಿದ. ಜನ ಶಿಳ್ಳೆ ಹೊಡೆದರು.

ಅಪ್ಪ ನನಗೆ ಹೇಳಿಕೊಟ್ಟದ್ದಿಲ್ಲ. ಕೂರಿಸಿಕೊಂಡದ್ದೂ ಇಲ್ಲ, ಎದುರಿಗೂ ಇಲ್ಲ, ಮಗ್ಗುಲಿಗೂ ಇಲ್ಲ. ಅವನು ಹಾಗೆ ಹೇಳಿದಾಗಲೇ ನನಗೆ ಹೊಳೆದದ್ದು, ನಾನು ಕಣ್ಣು ಮುಚ್ಚಿ ಕಂಡ ಆ ಚಪ್ಪರ, ಆ ಕೆಂಪು ಕೋಟು, ನನ್ನ ಬಲಗಡೆಗಿದ್ದ ಆ ಮೇಲಿನ ಕೈ. ಅದು ಅಪ್ಪನ ಎಡಗೈ. ಎದುರಿಗೆ ನಿಂತು ನೋಡಿದ್ದಕ್ಕೆ ನನ್ನ ಬಲಕ್ಕೆ ಕಂಡಿತ್ತು. ಅವನ ಮಗ್ಗುಲಿಗೆ, ಬ್ಯಾಂಡಿನವರ ಕಡೆಗೆ ಹೋಗಿ ಒಂದು ಸಲವಾದರೂ ನಿಂತಿದ್ದರೆ ತಿಳಿಯುತ್ತಿತ್ತು. ನಾನು ಯಾವತ್ತೂ ನಿಂತದ್ದು ಮದುವೆಗೆ ಬಂದವರ ಕಡೆಗೆ.

ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕೆ.ಆರ್. ನಗರದ ಬಸ್ಸಿಗೆ ಕಾಯುತ್ತಾ ಕೂತಿದ್ದೆವು. ಜೊತೆಗಾರ ಎಲೆ ಅಡಿಕೆ ತರಲು ಅಂಗಡಿಗೆ ಹೋಗಿದ್ದ. ಅಪ್ಪ ಪೇಟವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜರಿ ಸವರುತ್ತಿದ್ದ. ಪೇಟ ಕೊಟ್ಟದ್ದು ಅವನಿಗೆ ಬಹಳ ಹಿಡಿಸಿತ್ತು.

‘ಯಾಕಪ್ಪ ಹಂಗಂದೆ? ನೀನೆಲ್ಲಿ ಹೇಳ್ಕೊಟ್ಟಿದ್ದೆ?’ ಅಂದೆ.

‘ಇನ್ನೇನ್ ಅನ್ಲಿ? ಆ ಮಕ್ಳು ಮಕ ನೋಡಿದ್ಯಾ? ನಿನ್ ಮಕ ನೋಡ್ಕಂಡಿದ್ಯಾ?’ ಅಂದ. ಪೇಟವನ್ನು ಪಕ್ಕಕ್ಕಿಟ್ಟು, ‘ಕೇಳಕ್ಕೇನಾಗಿತ್ತು ಮಗ ನಿಂಗೆ? ಬಸ್ಸು ಇರ್ನಿಲ್ವಾ?’ ಎಂದ.

‘ನಾಚ್ಕೆ ಆಯ್ತಪ್ಪ.’

‘ಯಾತಕ್ಕೆ? ಊದಕ್ಕಾ, ನನ್ ಕೇಳಕ್ಕಾ?’

ಪರೀಕ್ಷೆಗಳಲ್ಲಿ ನಾನು ಪ್ರಶ್ನೆ ಬಿಟ್ಟು ಬಂದವನಲ್ಲ. ಇದನ್ನು ಬಿಟ್ಟೆ. ಅಪ್ಪ ಉತ್ತರಕ್ಕೆ ಕಾಯಲೂ ಇಲ್ಲ. ಬಸ್ಸು ಬಂತು. ಹತ್ತುವಾಗ ತಿರುಗಿ, ‘ಕೈ ತಪ್ಪಾಗಿದ್ರೂ ಬೆರಳು ಇಟ್ಟಿರೋ ಗತ್ತು ನಂದೇ ಕಣ. ಎದುರ್ಗೆ ನಿಂತಿದ್ರೂ ಚೆನ್ನಾಗ್ ನೋಡಿದ್ದೀಯ’ ಅಂದ. ಜಂಬವೇ ಅದು, ಆನೆಯ ಕಥೆಯಂಥದ್ದೇ. ಆದರೂ ಬಸ್ಸು ತಿರುವು ದಾಟುವವರೆಗೂ ನಾನು ಅಲ್ಲೇ ನಿಂತಿದ್ದೆ.

ಸೋಮವಾರ ಹುಡುಗಿಯರು ಪೆಟ್ಟಿಗೆ ಹಿಡಿದು ಬಂದರು. ನಾನು ಭಾನುವಾರವೆಲ್ಲ ಮಾತು ಜೋಡಿಸಿಕೊಂಡಿದ್ದೆ. ಎದುರಿಗೆ ನಿಂತಾಗ ಬಾಯಿಂದ ಬಂದದ್ದು ಬೇರೆ.

‘ಇಲ್ಲಿವರೆಗೆ ಕಲಿತದ್ದು ಮೊದಲನೇ ಹಂತ. ಇವತ್ತಿಂದ ಎರಡನೇ ಹಂತ. ಎಡಗೈ ಮೇಲಿಡೋದು.’

ಇಷ್ಟಾದ ಮೇಲೂ ಹೀಗೆ ಹೇಳಿದೆ. ಬರೆಯುವಾಗಲೂ ಬೆರಳು ತಡೆಯುತ್ತದೆ.

ಮೂವರು ಕೈ ಬದಲಾಯಿಸಿದರು. ಆ ಹುಡುಗಿ ಬದಲಾಯಿಸಲಿಲ್ಲ. ಬಲಗೈ ಮೇಲಿಟ್ಟುಕೊಂಡೇ, ತಲೆ ತಗ್ಗಿಸಿ, ತುಂಬಾ ಮೆತ್ತಗೆ, ‘ಅವತ್ತೇ ಏಳಿದ್ನಲ್ಲ ಸಾರ್’ ಅಂದಳು.

ನಾನು ಅವರ ಎದುರಿನ ಕುರ್ಚಿಯಲ್ಲಿ ಕೂತೆ.

‘ಹೌದಮ್ಮ. ನೀನು ಹೇಳಿದ್ದು ಸರಿಯಿತ್ತು’ ಅಂದೆ. ‘ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಕ್ಕೆ ನಾಚಿಕೆಯಾಗಿ ನಿನ್ನ ಬೈದೆ. ನನ್ನಪ್ಪ ಹೇಳ್ಕೊಟ್ಟಿದ್ದು ಅನ್ನೋದೂ ಸುಳ್ಳು. ಅವರು ನನ್ನ ಮಾನ ಉಳಿಸಕ್ಕೆ ಹಾಗಂದ್ರು.’

ನನ್ನ ದನಿ ನನಗೇ ರೀಡು ಸರಿ ಕೂರದ ಕ್ಲಾರಿನೆಟ್ಟಿನಂತೆ ಕೇಳಿಸಿತು. ಹುಡುಗಿ ತಲೆ ಎತ್ತಿದಳು. ನಾನು ಬೇಡಿಕೊಂಡದ್ದು ಕ್ಷಮೆ, ಅವಳು ಕೊಟ್ಟದ್ದು ಪ್ರಶ್ನೆ. ‘ಈಗ ನಮ್ಗೆ ಮೊದ್ಲಿಂದ ಕಲೀಬೇಕಾ ಸಾರ್?’ ಎಂದು ಕೇಳಿದಳು. ಅವಳ ಚಿಂತೆ ಅದು.

‘ಹೌದು. ನನಗೂ.’

‘ಥೂ, ಎಷ್ಟು ದಿನ ದಂಡ ಆಯ್ತು’ ಅಂದಳು, ನನಗಲ್ಲ, ಪಕ್ಕದವಳಿಗೆ. ನನಗೆ ಕೇಳಿಸಿತು. ಕೇಳಿಸಲಿ ಅಂತಲೇ ಅಂದಿರಬಹುದು.

ನಾನು ಎದುರಿನ ಕುರ್ಚಿ ಬಿಟ್ಟು ಅವರ ಬೆಂಚಿನ ತುದಿಗೆ ಹೋಗಿ, ಅವರು ನೋಡುವ ಕಡೆಗೇ ಮುಖ ಮಾಡಿ ಕೂತೆ. ಎಡಗೈ ಮೇಲಿಟ್ಟೆ. ಬೆರಳುಗಳು ನನ್ನವಲ್ಲ ಅನ್ನಿಸಿತು. ಎಲ್ಲರೂ ಮತ್ತೆ ಹಂದಿ ಹಿಡಿದ ಹಾಗೆ ಕೂಗಿಸಿದೆವು. ಬಲಗೈ ಕಿರುಬೆರಳನ್ನು ಸುಮ್ಮನೆ ಇಳಿಬಿಟ್ಟೆ. ಕೀ ಅಲ್ಲೇ ಇತ್ತು. ಅದನ್ನು ಮಾಡಿದವರು ಆ ಬೆರಳಿಗೆಂದೇ ಮಾಡಿದ್ದರು.

ಸಂಜೆ ಅಕ್ಕಿ ಮೂಟೆ ಕೋಣೆಯಿಂದ ತಮ್ಮನ ಫೋನಿಗೆ ಮಾಡಿದೆ. ಅವನು ಅಪ್ಪನಿಗೆ ಕೊಟ್ಟ.

‘ಕಿರುಬೆಳ್ಳು ಎಟುಕ್ತಾ?’ ಅಪ್ಪ ಅದನ್ನೇ ಮೊದಲು ಕೇಳಿದ. ಹುಡುಗಿಯರ ಹಾಡಿನಲ್ಲಿ ಕೆಳಗಿನ ದನಿ ಯಾಕಿರಲಿಲ್ಲ ಎಂಬುದು ಅವನಿಗೆ ಆ ದಿನವೇ ಗೊತ್ತಾಗಿತ್ತು.

‘ಎಟುಕ್ತಪ್ಪ.’

‘ಊದು ಮತ್ತೆ, ಕೇಳ್ತೀನಿ.’

ಫೋನನ್ನು ಮೂಟೆಯ ಮೇಲಿಟ್ಟು ಊದಿದೆ. ಮದುವೆಮನೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದ ಆ ದಪ್ಪ ದನಿ, ಅದರ ಒಂದು ಚೂರು, ನಡುಗುತ್ತಾ ಬಂತು, ನಿಂತಿತು.

‘ಗಾಳಿ ಸೋರ್ತಾ ಅದೆ ಕಣ್ಲಾ’ ಅಂದ ಅಪ್ಪ. ‘ಹೆಬ್ಬೆಟ್ಟು ನೋಡ್ಕೊ. ಭಾನ್ವಾರ ಎತ್ಕಂಡ್ ಬಾ.’